ಗ್ರಾಫ್ ಬಲಕ್ಕೆ ಯಾಕೆ ಸರಿಯುತ್ತದೆ ಅಂತ ತೋರಿಸಿದವರಿಗೆ

ಲೈಬ್ರರಿಯಲ್ಲಿ ಪಕ್ಕದಲ್ಲಿ ಕೂತು ಗ್ರಾಫ್ ಹೇಳಿಕೊಟ್ಟ ಹಿರಿಯರೇ, ನಿಮ್ಮ ಹೆಸರು ಗೊತ್ತಿಲ್ಲ. ಆದರೂ ಥ್ಯಾಂಕ್ಸ್ ಹೇಳಲೇಬೇಕು.

ಫಂಕ್ಷನ್‌ಗೆ, ಅಂದರೆ ಎಕ್ಸ್ ಹಾಕಿದರೆ ಒಂದು ಬೆಲೆ ಕೊಡುವ ಸೂತ್ರಕ್ಕೆ, ಹೊರಗಿನಿಂದ (ಬಂದ ಬೆಲೆಗೆ) 3 ಕೂಡಿಸಿದರೆ ಗ್ರಾಫ್ 3 ಮೇಲೇರುತ್ತದೆ. 2ರಿಂದ ಗುಣಿಸಿದರೆ ಎತ್ತರ ಎರಡರಷ್ಟಾಗುತ್ತದೆ. ಇದೇನೂ ಕಷ್ಟವಲ್ಲ. ಕಾಟ ಕೊಡುವುದು ಒಳಗಿನ ಬದಲಾವಣೆ. ಎಕ್ಸ್ ಜಾಗದಲ್ಲಿ ‘ಎಕ್ಸ್ ಮೈನಸ್ 3’ ಹಾಕಿದರೆ ಗ್ರಾಫ್ ಎಡಕ್ಕಲ್ಲ, ಬಲಕ್ಕೆ ಹೋಗುತ್ತದೆ! ‘ಒಳಗಿದ್ದರೆ ಉಲ್ಟಾ, ಸುಮ್ನೆ ಬಾಯಿಪಾಠ ಮಾಡು’ ಅನ್ನುವವರೇ ಜಾಸ್ತಿ. ನೀವು ಹಾಗೆ ಮಾಡಲಿಲ್ಲ. “ಮೊದಲು ಸೊನ್ನೆಯಲ್ಲಿ ಸಿಗುತ್ತಿದ್ದ ಬೆಲೆ ಈಗ ಎಲ್ಲಿ ಸಿಗುತ್ತದೆ, ಹೇಳಪ್ಪ” ಅಂದಿರಿ. ಎಕ್ಸ್ 3 ಆದಾಗ ತಾನೇ ಒಳಗೆ ಸೊನ್ನೆ ಬರುವುದು? ಅಂದಮೇಲೆ ಬಲಕ್ಕೇ ಹೋಗಬೇಕು. 2 ಎಕ್ಸ್ ಹಾಕಿದಾಗ ಗ್ರಾಫ್ ಅಡ್ಡಡ್ಡ ಅರ್ಧಕ್ಕೆ ಕುಗ್ಗುವುದೂ ಇದೇ ಲೆಕ್ಕ.

ಆಮೇಲೆ ‘2 ಎಕ್ಸ್ ಮೈನಸ್ 6’ರ ವರ್ಗಮೂಲ ಕೊಟ್ಟಿರಲ್ಲ, ಅದಂತೂ ಸೂಪರ್. ಗ್ರಾಫ್ ಶುರುವಾಗುವುದು 6ರಲ್ಲಲ್ಲ, 3ರಲ್ಲಿ. ಮೊದಲು ಬಲಕ್ಕೆ 6 ಸರಿಸಿ ಆಮೇಲೆ ಅರ್ಧಕ್ಕೆ ಕುಗ್ಗಿಸಬಹುದು. ಇಲ್ಲವೇ ಮೊದಲು ಕುಗ್ಗಿಸಿ, ಬರೀ 3 ಸರಿಸಬಹುದು. ಕ್ರಮ ಬದಲಾದರೆ ಸರಿಸುವ ಅಳತೆಯೂ ಬದಲಾಗುತ್ತದೆ. ನನ್ನ ಪ್ರಕಾರ ಇಡೀ ಅಧ್ಯಾಯದ ಜೀವ ಇಲ್ಲಿದೆ.

ಎಕ್ಸ್ ವರ್ಗದ ಗ್ರಾಫನ್ನು ಅಡ್ಡಡ್ಡ ಅರ್ಧಕ್ಕೆ ಕುಗ್ಗಿಸಿದರೂ, ಮೇಲಕ್ಕೆ ನಾಲ್ಕರಷ್ಟು ಎಳೆದರೂ ಒಂದೇ ಚಿತ್ರ ಅಂತ ಹೊರಡುವಾಗ ಹೇಳಿದಿರಿ. ಬರೆದು ನೋಡಿದೆ, ನಿಜ. ಎಕ್ಸ್ ಘನಕ್ಕಾದರೆ ಎಂಟರಷ್ಟು, ಅಲ್ವಾ? ಮತ್ತೆ ಸಿಕ್ಕರೆ ಸೈನ್ ಗ್ರಾಫ್‌ಗೆ ಯಾಕೆ ಹೀಗಾಗುವುದಿಲ್ಲ ಅಂತ ಕೇಳುತ್ತೇನೆ.