ಅಳುವ ವಿಧವೆ ಅಂದರಂತೆ

ಕಲಬುರಗಿ
ಭಾನುವಾರ ಮಧ್ಯಾಹ್ನ

ನನ್ನ ಕೂಸೇ,

ನೀನು ಫೋನ್ ಮಾಡಿದಾಗ ರೊಟ್ಟಿ ಬಡಿಯುತ್ತಿದ್ದೆ. ಕೈಯೆಲ್ಲ ಹಿಟ್ಟು, ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ಅರ್ಧ ಮಾತಾಡಿ ಇಟ್ಟುಬಿಟ್ಟೆ. ಉಳಿದರ್ಧ ಇಲ್ಲಿದೆ, ಓದು.

ಕಾಲೇಜಿನ ಭಾಷಣ ಸ್ಪರ್ಧೆಗೆ ನಿನಗೆ ಸಿರಿಮಾವೊ ಬಂಡಾರನಾಯಕೆ ವಿಷಯ ಬಂದಿದೆ ಅಂದೆ. "ಜಗತ್ತಿನ ಮೊದಲ ಮಹಿಳಾ ಪ್ರಧಾನಿ ಅಂತಾರೆ, ಆದರೆ ಗಂಡ ಸತ್ತ ಅಂತ ಸಿಕ್ಕ ಕುರ್ಚಿ ಅಲ್ವಾ ಅವ್ವಾ ಅದು? ಅದರಲ್ಲಿ ಏನು ದೊಡ್ಡದು?" ಅಂತಲೂ ಅಂದೆ. ನೀನು ಸುಮ್ನೆ ಅಂದಿದ್ದು, ಗೊತ್ತು. ಆದರೂ ಆ ಮಾತು ನನಗೆ ಚುಚ್ಚಿತು. ಮೀಸಲಾತಿ ಬಂತು ಅಂತ ಕುರ್ಚಿ ಸಿಕ್ಕವಳು ನಾನು, ಅದಕ್ಕೆ.

2010ರಲ್ಲಿ ನೀನಿನ್ನೂ ಅಂಗನವಾಡಿ. ನಮ್ಮ ವಾರ್ಡು ಮಹಿಳೆಗೆ ಬಂತು, ನಿಮ್ಮಪ್ಪ ನನ್ನನ್ನು ನಿಲ್ಲಿಸಿದರು. ಆಮೇಲೆ ಅಧ್ಯಕ್ಷ ಸ್ಥಾನವೂ ಮಹಿಳೆಗೇ ಬಂತು. ಮೊದಲ ದಿನ ಪಂಚಾಯ್ತಿಗೆ ಹೋದರೆ ದೊಡ್ಡ ಕುರ್ಚಿಯಲ್ಲಿ ನಿಮ್ಮಪ್ಪ ಕೂತರು. ನಾನು ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ. ಚಹಾ ಮೊದಲು ಅವರಿಗೇ ಬಂತು. ಊರವರು "ಅಧ್ಯಕ್ಷರೇ" ಅಂತ ಕೂಗಿದರೆ ತಿರುಗಿ ನೋಡುತ್ತಿದ್ದವರೂ ಅವರೇ. ನನಗೆ ಅದು ತಪ್ಪು ಅಂತಲೂ ಅನ್ನಿಸಿರಲಿಲ್ಲ. ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕುತ್ತಿದ್ದೆ, ಮನೆಗೆ ಬಂದು ಅಡುಗೆ ಮಾಡುತ್ತಿದ್ದೆ.

ಈಗ ನಿನ್ನ ಸಿರಿಮಾವೊ ವಿಷಯಕ್ಕೆ ಬಾ.

1959ರ ಸೆಪ್ಟೆಂಬರ್ 25. ಆಕೆಯ ಗಂಡ ಸಾಲೊಮನ್ ಬಂಡಾರನಾಯಕೆ ಆಗ ಸಿಲೋನ್, ಅಂದರೆ ಈಗಿನ ಶ್ರೀಲಂಕಾದ ಪ್ರಧಾನಿ. ಕೊಲಂಬೊದ ಮನೆಯ ವರಾಂಡದಲ್ಲಿ ಜನರನ್ನು ಮಾತಾಡಿಸುತ್ತಿದ್ದಾಗ ಒಬ್ಬ ಬೌದ್ಧ ಭಿಕ್ಷು ಗುಂಡು ಹಾರಿಸಿದ. ಮರುದಿನ ಅವರು ತೀರಿಕೊಂಡರು. ಮನೆಯಲ್ಲಿ ಮೂರು ಮಕ್ಕಳು, ಚಿಕ್ಕವನಿಗೆ ಹತ್ತು ವರ್ಷ. ಪಕ್ಷ ಚೆಲ್ಲಾಪಿಲ್ಲಿ. ಪಕ್ಷದವರು ಬಂದು ಈಕೆಯನ್ನು ಪ್ರಚಾರಕ್ಕೆ ಎಳೆದರು. ಸಭೆಗಳಲ್ಲಿ ಗಂಡನ ಭಾಷಣದ ಟೇಪು ಹಾಕುತ್ತಿದ್ದರಂತೆ. ಯೋಚನೆ ಮಾಡು, ಸತ್ತ ಗಂಡನ ದನಿ ಮೈಕಿನಲ್ಲಿ ಬರುತ್ತಿದೆ, ಸಾವಿರಾರು ಜನ ಕೇಳುತ್ತಿದ್ದಾರೆ, ಆಕೆ ವೇದಿಕೆ ಮೇಲೆ ಕೂತಿದ್ದಾಳೆ. ಕಣ್ಣೀರು ಬರದೆ ಇರುತ್ತದಾ? ವಿರೋಧಿಗಳು "ಅಳುವ ವಿಧವೆ" ಅಂತ ಹೆಸರಿಟ್ಟರು. ಗಂಡಸು ಅತ್ತಿದ್ದರೆ ಮನಸ್ಸು ಮೃದು ಅನ್ನುತ್ತಿದ್ದರು, ಬಿಡು.

1960ರ ಜುಲೈ ಚುನಾವಣೆಯಲ್ಲಿ ಪಕ್ಷಕ್ಕೆ 75 ಸೀಟು ಬಂತು. ಜುಲೈ 21ಕ್ಕೆ ಪ್ರಮಾಣ ವಚನ. ಆಕೆ ತಾನೇ ಚುನಾವಣೆಗೆ ನಿಂತಿರಲಿಲ್ಲ, ಸೆನೆಟ್ ಮೂಲಕ ಬಂದಳು. ನಮ್ಮ ಇಂದಿರಾ ಗಾಂಧಿ ಪ್ರಧಾನಿಯಾಗಿದ್ದು 1966ರ ಜನವರಿಯಲ್ಲಿ, ಐದೂವರೆ ವರ್ಷ ಆದ ಮೇಲೆ.

ಕುರ್ಚಿ ಗಂಡನಿಂದ ಬಂತು, ನೀನು ಹೇಳಿದ್ದು ಸುಳ್ಳಲ್ಲ. ಆದರೆ ಆಕೆ ಬರಿಗೈಲಿ ಬಂದವಳೂ ಅಲ್ಲ. ಮದುವೆಯಾದ ಮರುವರ್ಷವೇ, 1941ರಲ್ಲಿ, ಲಂಕಾ ಮಹಿಳಾ ಸಮಿತಿ ಸೇರಿ ಹಳ್ಳಿ ಹೆಂಗಸರ ನಡುವೆ ಕೆಲಸ ಮಾಡಿದವಳು. ಪಕ್ಷದ ಗಂಡಸರಿಗೆ ಇದು ನೆನಪಿರಲಿಲ್ಲ ಅನ್ನಿಸುತ್ತದೆ. ಹೇಳಿದ ಹಾಗೆ ಕೇಳುತ್ತಾಳೆ ಅಂದುಕೊಂಡಿದ್ದವರಿಗೆ ಆಕೆ ಬೇಗ ಪಾಠ ಕಲಿಸಿದಳು. ಅನುದಾನಿತ ಶಾಲೆಗಳನ್ನು ಸರ್ಕಾರಕ್ಕೆ ತೆಗೆದುಕೊಂಡಳು. ವಿದೇಶಿ ಎಣ್ಣೆ ಕಂಪನಿಗಳ ಮೇಲೆ ಕೈ ಹಾಕಿದಳು, ಸಿಟ್ಟಾದ ಅಮೆರಿಕ 1963ರಲ್ಲಿ ನೆರವು ನಿಲ್ಲಿಸಿತು. 1962ರ ಜನವರಿಯಲ್ಲಿ ಸೇನೆ ಮತ್ತು ಪೊಲೀಸ್ ಅಧಿಕಾರಿಗಳೇ ಸೇರಿ ಆಕೆಯನ್ನು ಇಳಿಸಲು ಸಂಚು ಮಾಡಿದರು. ಸುದ್ದಿ ಮೊದಲೇ ಸೋರಿತು, ಸಂಚು ಕೆಟ್ಟಿತು. ಅದೇ ವರ್ಷ ನಮಗೂ ಚೀನಾಕ್ಕೂ ಯುದ್ಧವಾದಾಗ ಡಿಸೆಂಬರ್‌ನಲ್ಲಿ ಆರು ದೇಶಗಳ ಸಭೆ ಕರೆದು, ಆಮೇಲೆ ಪೀಕಿಂಗಿಗೂ (ಈಗಿನ ಬೀಜಿಂಗ್) ದೆಹಲಿಗೂ ಹೋಗಿ ಸಂಧಾನಕ್ಕೆ ನೋಡಿದವಳೂ ಆಕೆಯೇ.

ಆದರೆ ಹೊಗಳಿ ಹೊಗಳಿ ಬರೆದು ತರಬೇಡ. ನಿನ್ನ ಮುತ್ಯಾ ಇದ್ದಿದ್ದರೆ ಭಾಷೆಯ ಪ್ರಶ್ನೆ ಕೇಳೇ ಕೇಳುತ್ತಿದ್ದರು. ನಿಜಾಮನ ಕಾಲದಲ್ಲಿ ಇಲ್ಲಿ ಕಚೇರಿ, ಕೋರ್ಟು ಎಲ್ಲ ಉರ್ದು. ಮುತ್ಯಾನ ಅಪ್ಪನಿಗೆ ಹೊಲದ ನೋಟಿಸು ಬಂದರೆ ಒಂದಕ್ಷರ ತಿಳಿಯುತ್ತಿರಲಿಲ್ಲ. ಪೇಟೆಗೆ ನಡೆದು ಹೋಗಿ, ಮುನ್ಷಿಗೆ ರೊಕ್ಕ ಕೊಟ್ಟು ಓದಿಸಿಕೊಂಡು ಬರಬೇಕು. ತನ್ನ ಹೊಲದ ಕಾಗದ ತನಗೇ ಓದಲು ಬರುವುದಿಲ್ಲ ಅನ್ನುವುದು ಎಂಥ ಅವಮಾನ ಅಂತ ಮುತ್ಯಾ ಸಾಯುವ ತನಕ ಹೇಳುತ್ತಿದ್ದರು. ಉರ್ದು ಮೇಲೆ ಅವರಿಗೆ ಸಿಟ್ಟಿರಲಿಲ್ಲ, ಬೇಕಾದಷ್ಟು ಶಾಯರಿ ಬಾಯಿಪಾಠ ಇತ್ತು. ಸಿಟ್ಟು ಆ ನೋಟಿಸಿನ ಮೇಲೆ.

ಸಿರಿಮಾವೊ ಅದನ್ನೇ ತಮಿಳರಿಗೆ ಮಾಡಿದಳು. ಸಿಂಹಳವೊಂದೇ ಆಡಳಿತ ಭಾಷೆ ಅನ್ನುವ ಕಾಯ್ದೆ ಗಂಡ 1956ರಲ್ಲಿ ತಂದಿದ್ದು. 1961ರ ಜನವರಿಯಿಂದ ಅದನ್ನು ಪೂರ್ತಿ ಜಾರಿಗೆ ತಂದಿದ್ದು ಈಕೆ. ತಮಿಳರ ಊರು ಜಾಫ್ನಾದಲ್ಲಿ ಜನ ಕಚೇರಿ ಮುಂದೆ ಸತ್ಯಾಗ್ರಹ ಕೂತರು. ಅಲ್ಲೂ ಅದಕ್ಕೆ ಕಚೇರಿ ಅಂತಲೇ ಅನ್ನುತ್ತಾರೆ, ನೋಡು. ಏಪ್ರಿಲ್‌ನಲ್ಲಿ ತುರ್ತು ಪರಿಸ್ಥಿತಿ ಹೇರಿ, ಸೇನೆ ಕಳಿಸಿ, ಮುಖಂಡರನ್ನು ಬಂಧಿಸಿದಳು. ಮುಂದೆ ಆ ದೇಶ ಪಟ್ಟ ಪಾಡಿಗೆ ಇದೊಂದೇ ಕಾರಣ ಅಲ್ಲ, ಆದರೆ ಇದೂ ಕಾರಣ.

1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿಯವರ ಜೊತೆ ಒಪ್ಪಂದ ಮಾಡಿಕೊಂಡಳು. ಚಹಾ ತೋಟದಲ್ಲಿ ದುಡಿಯುತ್ತಿದ್ದ ಭಾರತ ಮೂಲದವರಲ್ಲಿ 5,25,000 ಜನ ಭಾರತಕ್ಕೆ, 3,00,000 ಜನ ಅಲ್ಲೇ, ಉಳಿದವರ ಮಾತು ಆಮೇಲೆ. ಆ ಜನರನ್ನು ಯಾರೂ ಕೇಳಲಿಲ್ಲ. ಹಾಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರು ಕಡೆಯ ರಬ್ಬರ್ ತೋಟಗಳಲ್ಲಿ ನೆಲೆಸಿದರು. ಭಾಷಣದಲ್ಲಿ ಇದನ್ನು ಹೇಳು, ಕೇಳುವವರು ತಲೆ ಎತ್ತುತ್ತಾರೆ.

1965ರಲ್ಲಿ ಸೋತಳು, 1970ರಲ್ಲಿ ಭರ್ಜರಿ ಗೆದ್ದು ಬಂದಳು. 1972ರಲ್ಲಿ ಹೊಸ ಸಂವಿಧಾನ ಬಂತು, ಸಿಲೋನ್ ಹೋಗಿ ಶ್ರೀಲಂಕಾ ಆಯಿತು. ಆದರೆ ಜನರಿಗೆ ಹೊಟ್ಟೆಗೆ ಕಷ್ಟವಾಯಿತು. ಬ್ರೆಡ್ಡಿಗೆ ಸಾಲು, ಅಕ್ಕಿ ಒಂದೂರಿಂದ ಇನ್ನೊಂದೂರಿಗೆ ಒಯ್ಯಲಿಕ್ಕೂ ನಿರ್ಬಂಧ. ಒಂದು ಸೇರು ತೊಗರಿ ಬೇಳೆ ನಿನಗೆ ಕಳಿಸಲು ನನ್ನನ್ನು ಬಸ್‌ಸ್ಟ್ಯಾಂಡಿನಲ್ಲಿ ತಡೆದರೆ ನಾನು ಓಟು ಹಾಕುತ್ತೇನಾ? 1977ರಲ್ಲಿ ಪಕ್ಷಕ್ಕೆ ಬಂದಿದ್ದು ಬರೀ 8 ಸೀಟು. 1980ರಲ್ಲಿ ಹೊಸ ಸರ್ಕಾರ ಏಳು ವರ್ಷಕ್ಕೆ ಆಕೆಯ ನಾಗರಿಕ ಹಕ್ಕನ್ನೇ ಕಿತ್ತುಕೊಂಡಿತು. 1994ರಲ್ಲಿ ಮಗಳು ಚಂದ್ರಿಕಾ ಅಧ್ಯಕ್ಷೆಯಾದಾಗ ಮತ್ತೆ ಪ್ರಧಾನಿಯಾದಳು. ಅಷ್ಟೊತ್ತಿಗೆ ಅಧಿಕಾರವೆಲ್ಲ ಅಧ್ಯಕ್ಷರ ಕೈಲಿತ್ತು. 2000ದ ಅಕ್ಟೋಬರ್ 10, ಚುನಾವಣೆ ದಿನ. ಓಟು ಹಾಕಿ ಮನೆಗೆ ವಾಪಸ್ ಹೋಗುವಾಗ ಹೃದಯಾಘಾತವಾಗಿ ತೀರಿಕೊಂಡಳು. 84 ವರ್ಷ.

ನನ್ನ ಕಥೆ ಇಷ್ಟು ದೊಡ್ಡದಲ್ಲ. ಅಧ್ಯಕ್ಷೆಯಾಗಿ ಏಳನೇ ತಿಂಗಳೋ ಎಂಟನೇ ತಿಂಗಳೋ, ಬೋರ್‌ವೆಲ್ ಮೋಟಾರ್ ರಿಪೇರಿ ಬಿಲ್ಲು ಬಂತು. ನಿಮ್ಮಪ್ಪ ಬೆರಳಿಟ್ಟು ತೋರಿಸಿದರು. ಅವತ್ತು ಬೆಳಿಗ್ಗೆ ನಾನು ಎರಡು ಕೊಡ ಹೊತ್ತು ಹೊಲದ ಬಾವಿಯಿಂದ ನೀರು ತಂದಿದ್ದೆ. ಮೋಟಾರ್ ಸುಟ್ಟು ಹದಿನೈದು ದಿನ ಆಗಿತ್ತು, ಯಾರೂ ಮುಟ್ಟಿರಲಿಲ್ಲ. "ನೀರು ಬರಲಿ, ಆಮೇಲೆ ಸಹಿ" ಅಂದೆ. ದನಿ ನಡುಗಿತು, ಕಣ್ಣಲ್ಲಿ ನೀರೂ ಬಂತು. ಕೋಣೆ ಪೂರ್ತಿ ಸುಮ್ಮನಾಯಿತು. ನಿಮ್ಮಪ್ಪ ಎದ್ದು ಹೊರಗೆ ಹೋಗಿ ಬೀಡಿ ಹಚ್ಚಿದರು. ಎರಡು ದಿನ ಮನೆಯಲ್ಲಿ ಮಾತಿಲ್ಲ. ಮೂರನೇ ದಿನ ಮೋಟಾರ್ ಬಂತು. ಮುಂದಿನ ಮೀಟಿಂಗಿಗೆ ಹೋದಾಗ ದೊಡ್ಡ ಕುರ್ಚಿ ಖಾಲಿ ಇತ್ತು, ಅವರು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದರು.

ನಿನ್ನ ಭಾಷಣ ಬರೆದಾದ ಮೇಲೆ ಫೋನಿನಲ್ಲಿ ಓದಿ ಹೇಳು, ರಾತ್ರಿ ಎಂಟರ ಮೇಲೆ, ರೊಟ್ಟಿ ಮುಗಿದಿರುತ್ತದೆ. ನಿಮ್ಮಪ್ಪನೂ ಕೇಳುತ್ತಾರಂತೆ. ನಡುವೆ ಬಾಯಿ ಹಾಕಲ್ಲ ಅಂದಿದ್ದಾರೆ, ನೋಡೋಣ.

ಶೇಂಗಾ ಹಿಂಡಿ ಡಬ್ಬದಲ್ಲಿ ಕಟ್ಟಿ ಕಳಿಸಿದ್ದೇನೆ, ರೂಮಿನ ಹುಡುಗಿಯರಿಗೂ ಕೊಡು.

ನಿನ್ನ ಅವ್ವ