ಚೇಳಿನ ಮಾತ್ರೆ ಹಳ್ಳಿ ಆಸ್ಪತ್ರೆಯಲ್ಲೇ ಸಿಗಲಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರೇ,

ಚೇಳಿನ ವಿಷ ಏರಿದವರ ಜೀವ ಉಳಿಸುವ ಪ್ರಾಜೋಸಿನ್ ಎಂಬ ಔಷಧದ 1 ಮಿಲಿಗ್ರಾಂ ಸಾದಾ ಮಾತ್ರೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ಹಗಲೂ ರಾತ್ರಿ ಇರಬೇಕು. ನಾವು ಕೇಳುತ್ತಿರುವುದು ಇಷ್ಟೇ. ಕೇಳಿ ಕೇಳಿ ಸಾಕಾಗಿ ಈಗ ಎಲ್ಲರೆದುರು ಬರೆಯುತ್ತಿದ್ದೇವೆ.

ಕೆಂಪು ಚೇಳು ಕಡಿದ ಮಗುವನ್ನು ಹೊತ್ತು ತರುವಾಗ ಅಂಗಿ ಬೆವರಲ್ಲಿ ತೊಯ್ದಿರುತ್ತದೆ. ಜೊಲ್ಲು, ಮೇಲಿಂದ ಮೇಲೆ ವಾಂತಿ. ಅಂಗಾಲು ಮುಟ್ಟಿದರೆ ಮಣ್ಣಿನ ಹೂಜಿಯಷ್ಟು ತಣ್ಣಗೆ. ಹೀಗಾಗುವುದೇಕೆ? ನರಕೋಶದ ಸೋಡಿಯಂ ಚಾನೆಲ್, ಅಂದರೆ ಸೋಡಿಯಂ ಒಳಬಿಡುವ ಪುಟ್ಟ ಬಾಗಿಲು, ತೆರೆದ ಒಂದೆರಡು ಮಿಲಿಸೆಕೆಂಡಿಗೆ ತಾನೇ ಮುಚ್ಚಿಕೊಳ್ಳಬೇಕು. ಚೇಳಿನ ವಿಷದಲ್ಲಿರುವ ಆಲ್ಫಾ ಟಾಕ್ಸಿನ್ ಹೊರಗಿನಿಂದ ಬಂದು ಅದರ ನಾಲ್ಕನೇ ಭಾಗದ ವೋಲ್ಟೇಜ್ ಸೆನ್ಸರನ್ನು (ವಿದ್ಯುತ್ ಬದಲಾವಣೆಗೆ ಅಲುಗುವ ತುಣುಕನ್ನು) ಅಲುಗದಂತೆ ಹಿಡಿಯುತ್ತದೆ. ಬಾಗಿಲು ಮುಚ್ಚುವುದೇ ಇಲ್ಲ. ಸೋಡಿಯಂ ಒಳನುಗ್ಗುತ್ತಲೇ ಇರುತ್ತದೆ, ನರ ಬಿಡುವಿಲ್ಲದೆ ಮಿಡಿಯುತ್ತದೆ. ಅಡ್ರಿನಾಲಿನ್, ನಾರ್‌ಅಡ್ರಿನಾಲಿನ್ ಎಂಬ ಹಾರ್ಮೋನುಗಳು ರಕ್ತಕ್ಕೆ ಸುರಿದು ರಕ್ತನಾಳ ಬಿಗಿಯುತ್ತವೆ, ಹೃದಯ ಸೋಲುತ್ತದೆ, ಶ್ವಾಸಕೋಶದಲ್ಲಿ ನೀರು ತುಂಬುತ್ತದೆ.

ಆ ಬಿಗಿತವನ್ನು ಸಡಿಲಿಸುವುದು ಪ್ರಾಜೋಸಿನ್. ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತ್‌ರಾವ್ ಬಾವಸ್ಕರ್ 1980ರ ದಶಕದಲ್ಲೇ ತೋರಿಸಿಕೊಟ್ಟರು: ತೀವ್ರ ವಿಷವೇರಿದವರಲ್ಲಿ ನೂರಕ್ಕೆ ನಲವತ್ತರಷ್ಟಿದ್ದ ಸಾವು ಒಂದರ ಆಸುಪಾಸಿಗೆ ಇಳಿಯಿತು. 2022ರಲ್ಲಿ ಅವರಿಗೆ ಪದ್ಮಶ್ರೀಯೂ ಬಂತು. ಮಾತ್ರೆ ಮಾತ್ರ ನಮ್ಮ ಕಪಾಟಿಗೆ ಬರಲಿಲ್ಲ.

ಬಂದರೂ ಬರುವುದು 2.5 ಅಥವಾ 5 ಮಿಲಿಗ್ರಾಂನ ನಿಧಾನವಾಗಿ ಕರಗುವ ಮಾತ್ರೆ. ಅದನ್ನು ಮುರಿಯುವಂತಿಲ್ಲ, ಪುಡಿ ಮಾಡುವಂತಿಲ್ಲ. ಮಗುವಿಗೆ ಬೇಕಾದದ್ದು ಕಿಲೋ ತೂಕಕ್ಕೆ 30 ಮೈಕ್ರೋಗ್ರಾಂ. ಎಂಟು ಕಿಲೋ ಮಗುವಿಗೆ ಸಾದಾ ಮಾತ್ರೆಯ ಕಾಲು ಭಾಗ, ದೊಡ್ಡವರಿಗೆ ಅರ್ಧ. ಕೈಕಾಲು ಬೆಚ್ಚಗಾಗುವವರೆಗೆ ಮೂರು ಗಂಟೆಗೊಮ್ಮೆ. ವಾಂತಿ, ಬೆವರಿನಿಂದ ಮೈಯ ನೀರು ಆರಿದ್ದರೆ ಮೊದಲು ಅದನ್ನು ತುಂಬಿಸಬೇಕು. ಮಲಗಿಸಿಯೇ ಕೊಡಬೇಕು, ಎತ್ತಿ ಕೂರಿಸಿದರೆ ರಕ್ತದೊತ್ತಡ ಕುಸಿಯುತ್ತದೆ. ಬರೀ ಉರಿ, ನೋವಿದ್ದವರಿಗೆ ಇದು ಬೇಡ, ಜಾಗ ಮರಗಟ್ಟಿಸುವ ಲಿಗ್ನೋಕೇನ್ ಸಾಕು.

ಇದಾವುದೂ ಇಲ್ಲದ ಕಡೆ ಆಗುತ್ತಿರುವುದೇನು? ಅವಿಲ್ ಎಂಬ ಅಲರ್ಜಿ ಔಷಧ, ಸ್ಟಿರಾಯ್ಡ್ ಚುಚ್ಚಿ ಜಿಲ್ಲಾಸ್ಪತ್ರೆಗೆ ಚೀಟಿ ಬರೆಯುವುದು. ಅವೆರಡೂ ಈ ವಿಷಕ್ಕೆ ನಾಟುವುದಿಲ್ಲ. ಹಾವಿನ ಪ್ರತಿವಿಷವೂ ನಾಟದು. ಚೇಳಿನದ್ದೇ ಪ್ರತಿವಿಷ ಬೇರೆ ಇದೆ, ಅದೂ ಬೇಕು; ಆದರೆ ತಡವಾದರೆ ಆಗಲೇ ಸುರಿದ ಅಡ್ರಿನಾಲಿನ್ನನ್ನು ಅದು ತಡೆಯಲಾರದು. ದಾರಿಯಲ್ಲಿ ಕಳೆಯುವ ಎರಡು ಗಂಟೆಯಲ್ಲೇ ಮಗುವಿನ ಬಾಯಲ್ಲಿ ನೊರೆ ಬರುತ್ತದೆ, ಸ್ವಾಮಿ. ಇದು ನಿಮ್ಮ ಇಲಾಖೆಗೆ ಗೊತ್ತಿಲ್ಲದ ವಿಷಯವಲ್ಲ.

ಬೇಸಿಗೆ ಶುರುವಾಗುವ ಮೊದಲು ಮಾತ್ರೆ ಕಳಿಸಿ. 1 ಮಿಲಿಗ್ರಾಂ, ಸಾದಾ. ಖರೀದಿ ಆದೇಶದಲ್ಲಿ ‘ಸಾದಾ’ ಎಂಬ ಪದ ಬಿಟ್ಟುಹೋಗದಂತೆ ದಯವಿಟ್ಟು ನೀವೇ ನೋಡಿಕೊಳ್ಳಿ.

ಇಂತಿ,
ಹಳ್ಳಿ ಆಸ್ಪತ್ರೆಗಳ ವೈದ್ಯರು ಮತ್ತು ದಾದಿಯರು