ಸಂಗೀತದ ಪೀರಿಯಡ್ಡಿನಲ್ಲಿ ಬೀಸುವ ಪದ

ಮಾನ್ಯ ಸಂಪಾದಕರೇ,

ಪುಣೆಯ ಶಾಲೆಯಲ್ಲಿ ನಾಲ್ಕನೇ ಇಯತ್ತೆ ಓದುವ ನನ್ನ ಮೊಮ್ಮಗಳು ಸಂಗೀತದ ಪೀರಿಯಡ್ಡಿನಲ್ಲಿ ಅಜ್ಜಿ ಕಲಿಸಿದ ಬೀಸುವ ಪದ ಹಾಡಿದಳಂತೆ. ಟೀಚರ್ ಹಾರ್ಮೋನಿಯಂ ನಿಲ್ಲಿಸಿ, ‘ಅದನ್ನು ಮನೆಯಲ್ಲಿ ಹಾಡು, ಇಲ್ಲಿ ಸಂಗೀತ ಕಲಿಯೋಣ’ ಎಂದರಂತೆ. ಎರಡು ದಿನ ಹುಡುಗಿ ಗುನುಗಲೂ ಇಲ್ಲ.

ಟೀಚರ್ ಕೆಟ್ಟವರಲ್ಲ, ಭೂಪ್ ರಾಗ ಚೆನ್ನಾಗಿ ಹೇಳಿಕೊಡುತ್ತಾರೆ. ಆದರೆ ಮರಾಠಿ ಹೆಣ್ಣುಮಕ್ಕಳ ಓವಿ, ನಮ್ಮ ತ್ರಿಪದಿ ಎರಡೂ ಬೀಸುಕಲ್ಲಿನ ಮುಂದೆ ಬೆಳೆದವೇ. ಇದೇ ಊರಲ್ಲಿ 1953ರಿಂದ ಸಂಗೀತ ಉತ್ಸವ ನಡೆಯುವುದು ನಮ್ಮ ಕುಂದಗೋಳದ ಗಾಯಕ ಸವಾಯಿ ಗಂಧರ್ವರ ಹೆಸರಿನಲ್ಲಿ. ಅದನ್ನು ಬೆಳೆಸಿದ ಭೀಮಸೇನ ಜೋಶಿಯವರೂ ಗದಗ ಸೀಮೆಯವರು.

ತರಗತಿಯಲ್ಲಿ ತೆಲುಗು, ಮಾರವಾಡಿ ಮಕ್ಕಳೂ ಇದ್ದಾರೆ. ತಿಂಗಳಿಗೊಂದು ಪೀರಿಯಡ್ ಮನೆಯ ಹಾಡುಗಳಿಗೆ ಬಿಡಬಾರದೇ? ಹಾಡಲು ನನ್ನಾಕೆ ತಯಾರಿದ್ದಾಳೆ. ಬೀಸುಕಲ್ಲು ಮಾತ್ರ ಹುಬ್ಬಳ್ಳಿಯಲ್ಲೇ ಉಳಿದಿದೆ.

– ಒಬ್ಬ ಅಜ್ಜ, ಕೋಥರೂಡ, ಪುಣೆ